ಅಪ್ಪನ ಹೊಟ್ಟೆಯೇ ನನಗೂ ಬಂದಿದೆಯೇ? ಜೀನ್‌ಗಳು ಮತ್ತು ಕರುಳಿನ ಬ್ಯಾಕ್ಟೀರಿಯಾ

ಪ್ರಶ್ನೆ: ನನಗೂ ತಂದೆಯವರಿಗೂ ಹೊಟ್ಟೆಯ ತೊಂದರೆ ಒಂದೇ ತರಹ. ಕರುಳಿನ ಬ್ಯಾಕ್ಟೀರಿಯಾ ಕೂಡ ವಂಶಪಾರಂಪರ್ಯವಾಗಿ ಬರುತ್ತವೆಯೇ? ಹಾಗಿದ್ದರೆ ಆಹಾರ ಬದಲಿಸಿ ಪ್ರಯೋಜನವುಂಟೆ?

ಉತ್ತರ: ಪ್ರಯೋಜನ ಖಂಡಿತ ಉಂಟು. ಬ್ಯಾಕ್ಟೀರಿಯಾ ಜೀನ್ ಮೂಲಕ ಬರುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ, ಆಮೇಲೆ ಎದೆಹಾಲು, ಮನೆಯವರ ಒಡನಾಟ, ಊಟ, ನೀರಿನಿಂದ ಬಂದು ಸೇರುತ್ತವೆ. ಹೀಗೆ ಬಂದವುಗಳಲ್ಲಿ ಯಾವುದಕ್ಕೆ ಮೇವು ಸಿಗಬೇಕು, ಯಾವುದಕ್ಕೆ ಸಿಗಬಾರದು ಎಂಬುದರಲ್ಲಿ ಜೀನ್‌ಗಳ ಕೈವಾಡ ಸ್ವಲ್ಪ ಇದೆ.

ಎಷ್ಟು ಸ್ವಲ್ಪ? 1,046 ಜನರನ್ನು ಪರೀಕ್ಷಿಸಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನ, ಈ ಬ್ಯಾಕ್ಟೀರಿಯಾಗಳ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಶೇ 1.9ರಿಂದ 8.1 ಎಂದು ಅಂದಾಜಿಸಿತು. ಆಹಾರ, ಔಷಧಿ, ದೇಹದ ಅಳತೆಗಳಂಥ ಅಂಶಗಳ ಪಾಲು ಶೇ 20ಕ್ಕೂ ಹೆಚ್ಚು. ರಕ್ತಸಂಬಂಧವಿಲ್ಲದಿದ್ದರೂ ಒಂದೇ ಮನೆಯಲ್ಲಿ ಬಾಳುವವರ ಬ್ಯಾಕ್ಟೀರಿಯಾಗಳಲ್ಲಿ ಹೋಲಿಕೆ ಕಂಡಿತ್ತು. ಹಾಗಾಗಿ ನಿಮ್ಮಿಬ್ಬರ ಹೋಲಿಕೆಯನ್ನು ನೇರವಾಗಿ ರಕ್ತದ ಲೆಕ್ಕಕ್ಕೆ ಬರೆಯುವಂತಿಲ್ಲ. ಒಂದೇ ಅಡುಗೆಮನೆಯ ಊಟವೂ ಕಾರಣವಿರಬಹುದು.

ಇವೆರಡನ್ನು ಬೇರ್ಪಡಿಸಲು ಸಂಶೋಧಕರು ಅವಳಿಗಳನ್ನು ಹುಡುಕುತ್ತಾರೆ. ಏಕರೂಪಿ ಅವಳಿಗಳೂ ಭಿನ್ನರೂಪಿ ಅವಳಿಗಳೂ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಆದರೆ ಏಕರೂಪಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಹಾಗಾಗಿ ಏಕರೂಪಿಗಳಲ್ಲಿ ಒಂದು ಬ್ಯಾಕ್ಟೀರಿಯಾದ ಪ್ರಮಾಣ ಹೆಚ್ಚು ಹತ್ತಿರವಿದ್ದರೆ, ಅಲ್ಲಿ ಜೀನಿನ ಪಾತ್ರವಿದೆ ಎಂದರ್ಥ. ಬ್ರಿಟನ್ನಿನ ಅವಳಿಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಲಕ್ಷಣ ಅತಿ ಸ್ಪಷ್ಟವಾಗಿ ಕಂಡದ್ದು ಕ್ರಿಸ್ಟೆನ್ಸೆನೆಲೇಸಿಯೇ ಎಂಬ ಬ್ಯಾಕ್ಟೀರಿಯಾ ಕುಟುಂಬದಲ್ಲಿ. ತೆಳ್ಳಗಿನವರಲ್ಲಿ ಅದು ಹೆಚ್ಚು.

ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಬರುವ ಜೀನ್ ಮಾತ್ರ ಬೇರೆ: ಎಲ್‌ಸಿಟಿ. ಇದು ಲ್ಯಾಕ್ಟೇಸ್ ಕಿಣ್ವವನ್ನು ತಯಾರಿಸುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಈ ಕಿಣ್ವ ಸಣ್ಣ ಕರುಳಿನಲ್ಲೇ ಒಡೆಯುತ್ತದೆ. ಎಳೆಯ ಮಕ್ಕಳಲ್ಲಿ ಕಿಣ್ವ ಧಾರಾಳ. ಬೆಳೆದಂತೆ ಜಗತ್ತಿನ ಬಹುಪಾಲು ಜನರಲ್ಲಿ ಕುಗ್ಗುತ್ತದೆ. ಪಕ್ಕದ ಎಂಸಿಎಂ6 ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವ ಕೆಲವರಲ್ಲಿ ಕುಗ್ಗುವುದಿಲ್ಲ. ಕಿಣ್ವ ಕುಗ್ಗಿದವರು ಹಾಲು ಕುಡಿದರೆ ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಅದು ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗೆ ಹಬ್ಬದೂಟ. ಅದರ ಪ್ರಮಾಣ ಏರುವುದು ಈ ಕಾರಣಕ್ಕೆ. ಹಾಲನ್ನೇ ಮುಟ್ಟದವರಲ್ಲಿ ಈ ಜೀನ್ ಇದ್ದೂ ಇಲ್ಲದಂತೆ! ಅಂದರೆ ಜೀನಿನ ಪ್ರಭಾವವೂ ತಟ್ಟೆಯ ಮೂಲಕವೇ ಹಾದುಬರುತ್ತದೆ.

ಹಾಲು ಕುಡಿದಾಗ ಉಬ್ಬರವಾಗುವವರು ಪೂರ್ತಿ ಬಿಡಬೇಕೆಂದಿಲ್ಲ. ಒಂದು ಹೊತ್ತಿಗೆ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ 240 ಮಿ.ಲೀ. ಹಾಲಿನಷ್ಟು, ಹೆಚ್ಚಿನವರಿಗೆ ಸಹಿಸುತ್ತದೆ. ಅರ್ಧ ಲೋಟದಿಂದ, ಊಟದ ಜೊತೆಗೆ ಆರಂಭಿಸಿ ನಿಧಾನವಾಗಿ ಏರಿಸಿ, ಬ್ಯಾಕ್ಟೀರಿಯಾಗಳೂ ಒಗ್ಗಿಕೊಳ್ಳುತ್ತವೆ. ಲ್ಯಾಕ್ಟೋಸ್ ಅರಗುತ್ತಿದೆಯೇ ಎಂದು ತಿಳಿಯಲು ಉಸಿರಿನ ಹೈಡ್ರೋಜನ್ ಪರೀಕ್ಷೆ ಮಾಡಿಸುವುದಾದರೆ ಅದಕ್ಕೆ 4 ವಾರ ಮೊದಲು ಆ್ಯಂಟಿಬಯಾಟಿಕ್ ಸೇವಿಸಿರಬಾರದು. ಅನಿಲ ತಯಾರಿಸುವ ಬ್ಯಾಕ್ಟೀರಿಯಾ ಸತ್ತಿದ್ದರೆ, ತೊಂದರೆ ಇದ್ದರೂ ಫಲಿತಾಂಶ 'ಸಾಮಾನ್ಯ' ಎಂದು ಬರುತ್ತದೆ.

ಇನ್ನೊಂದು ಜೀನ್ ಎಫ್‌ಯುಟಿ2. ಈ ಜೀನ್ ಸಕ್ರಿಯವಾಗಿರುವವರ ಕರುಳಿನ ಲೋಳೆಯಲ್ಲಿ ರಕ್ತದ ಗುಂಪಿನ ಗುರುತಿನ ಸಕ್ಕರೆಗಳು ಅಂಟಿಕೊಂಡಿರುತ್ತವೆ. ಕೆಲವು ಬ್ಯಾಕ್ಟೀರಿಯಾ ಅವನ್ನೇ ಕಿತ್ತು ತಿನ್ನುತ್ತವೆ. ರಕ್ತದ ಗುಂಪು ನೋಡಿ ಆಹಾರಪಟ್ಟಿ ಬರೆದುಕೊಡುವವರಿಗೆ ಇದರಲ್ಲಿ ಆಧಾರ ಸಿಗುವುದಿಲ್ಲ, ಅಷ್ಟು ದೂರ ಈ ನಂಟು ಚಾಚುವುದಿಲ್ಲ.

ಡಿಎನ್ಎ ಪರೀಕ್ಷೆಯ ಕಿಟ್ ಲ್ಯಾಕ್ಟೇಸ್ ಬಗ್ಗೆ ಸುಳಿವು ಕೊಡಬಹುದು. ಈಗ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅದು ಹೇಳಲಾರದು. ಅದಕ್ಕೆ ಹಣ ಹಾಕುವ ಮೊದಲು ತಂದೆಯವರ ತೊಂದರೆಗೆ ವೈದ್ಯರು ಕೊಟ್ಟಿರುವ ಹೆಸರೇನೆಂದು ಕೇಳಿಕೊಳ್ಳಿ. ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಅಥವಾ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಕಾಯಿಲೆಯಾಗಿದ್ದರೆ ಜೀನಿನ ಪಾತ್ರ ನಿಜಕ್ಕೂ ದೊಡ್ಡದು, ನೀವೂ ವೈದ್ಯರನ್ನು ಕಾಣಬೇಕು. ಸೀಲಿಯಾಕ್ ಅನುಮಾನವಿದ್ದರೆ ರಕ್ತಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ಆ ಪರೀಕ್ಷೆ ಹುಡುಕುವ ಪ್ರತಿಕಾಯಗಳು ಇಳಿದು ಕಾಯಿಲೆ ಕಣ್ತಪ್ಪಿಸಿಕೊಳ್ಳುತ್ತದೆ.