ಭುಜ ಜಾರಿದರೆ ಎಳೆದು ಕೂರಿಸಬಹುದೇ?

‘ಸರ್, ಕಬಡ್ಡಿ ಆಡ್ತಾ ತಮ್ಮನ ಭುಜ ಜಾರಿದೆ. ಪಕ್ಕದೂರಲ್ಲಿ ಒಬ್ಬರು ಎಳೆದು ಕೂರಿಸ್ತಾರಂತೆ. ಕರ್ಕೊಂಡು ಹೋಗ್ಲಾ?’

ಬೇಡ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇರಲಿ, ಇನ್ನೊಂದು ಸಲ.

ಭುಜದ ಕೀಲೆಂದರೆ ಚಮಚದ ಮೇಲಿಟ್ಟ ನಿಂಬೆಹಣ್ಣು. ಗುಂಡು ದೊಡ್ಡದು, ಗುಳಿ ಸಣ್ಣದು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುತ್ತದೆ ಕೂಡ. ನೂರರಲ್ಲಿ ಸುಮಾರು 95 ಸಲ ಮುಂದಕ್ಕೆ.

‘ಎಳೆದರೆ ಕೂರುತ್ತದೆ’ ಎಂಬ ನಂಬಿಕೆ ಮಾತ್ರ ಯಾರು ಎಷ್ಟು ಎಳೆದರೂ ಜಗ್ಗುವುದಿಲ್ಲ. ಕೀಲು ಜಾರಿದ ಕೂಡಲೇ ಸುತ್ತಲಿನ ಸ್ನಾಯುಗಳು ನೋವಿಗೆ ಸೆಟೆದುಕೊಂಡು ಗುಂಡನ್ನು ಗುಳಿಯ ಅಂಚಿಗೆ ಒತ್ತಿ ಹಿಡಿಯುತ್ತವೆ. ನೀವು ಜಗ್ಗಿದಷ್ಟೂ ಅವು ಬಿಗಿಯುತ್ತವೆ. ವೈದ್ಯರಾದ ನಮ್ಮ ಅರ್ಧ ಕೆಲಸ ಅವನ್ನು ಸಡಿಲಿಸುವುದೇ: ನೋವಿನ ಇಂಜೆಕ್ಷನ್, ಬೇಕಾದರೆ ಮಂಪರು. 1870ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೋಕರ್ ಬರೆದಿಟ್ಟ ವಿಧಾನದಲ್ಲಿ ಎಳೆಯುವ ಮಾತೇ ಇಲ್ಲ. ಮೊಣಕೈ ಮಡಚಿ, ತೋಳನ್ನು ಮೆಲ್ಲಗೆ ಹೊರಕ್ಕೆ ತಿರುಗಿಸುತ್ತಾ ಹೋಗುವುದು. ಇನ್ನೊಂದರಲ್ಲಿ ಬೋರಲು ಮಲಗಿಸಿ, ಮಂಚದಿಂದ ಇಳಿಬಿಟ್ಟ ಕೈಗೆ ತೂಕ ಕಟ್ಟಿ ಸುಮ್ಮನೆ ಕಾಯುತ್ತೇವೆ. ಸ್ನಾಯು ಸೋತಾಗ ‘ಟಕ್’ ಅನ್ನುತ್ತದೆ.

ಅದಕ್ಕೂ ಮುಂಚೆ ಎಕ್ಸ್‌ರೇ. ಮೂಳೆ ಬಿರುಕು ಬಿಟ್ಟಿದ್ದರೆ ಜಗ್ಗಿದಾಗ ಎರಡು ತುಂಡಾದೀತು. ಭುಜದ ಹೊರಮೈ ಸವರಿ ‘ಮುಟ್ಟಿದ್ದು ಗೊತ್ತಾಗುತ್ತಾ?’ ಅಂತ ಕೇಳುತ್ತೇವಲ್ಲ, ಅದು ನರಕ್ಕೆ ಪೆಟ್ಟಾಗಿದೆಯೇ ನೋಡಲು. ಎಳೆಯುವವರು ಇದನ್ನು ಕೇಳಿದ್ದು ನಾನು ಕಂಡಿಲ್ಲ.

ನೀವು ಮಾಡಬೇಕಾದ್ದು ಇಷ್ಟೆ: ಕೈ ಹೇಗಿದೆಯೋ ಹಾಗೇ ಟವೆಲಿನಲ್ಲಿ ಜೋಲಿ ಕಟ್ಟಿ, ಎಣ್ಣೆ ತಿಕ್ಕದೆ, ಕಾಫಿಯನ್ನೂ ಕುಡಿಸದೆ (ಮಂಪರು ಕೊಡಬೇಕಾದೀತು) ಆಸ್ಪತ್ರೆಗೆ ಕರೆತನ್ನಿ. ಕೂರಿಸಿದ ಮೇಲೆ 2–3 ವಾರ ಜೋಲಿ, ಆಮೇಲೆ ಫಿಸಿಯೋಥೆರಪಿ. ಇಪ್ಪತ್ತರ ಹುಡುಗರಿಗೆ ಮತ್ತೆ ಜಾರುವುದು ಜಾಸ್ತಿ. ಪದೇ ಪದೇ ಆದರೆ ಗುಳಿಯ ಹರಿದ ಅಂಚನ್ನು ಕೀಹೋಲ್ ಆಪರೇಷನ್‌ನಲ್ಲಿ ಹೊಲಿಯುತ್ತೇವೆ.

‘ಮತ್ತೆ ನಮ್ಮಜ್ಜಿ ಮಕ್ಕಳ ಕೈ ಒಂದೇ ಏಟಿಗೆ ಸರಿ ಮಾಡ್ತಿದ್ರಲ್ಲ?’ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಮಾಡುತ್ತಿದ್ದರು, ನಿಜ. ಒಂದರಿಂದ ನಾಲ್ಕು ವರ್ಷದ ಮಗುವನ್ನು ಕೈ ಹಿಡಿದು ರಪ್ಪನೆ ಎತ್ತಿದರೆ ಮೊಣಕೈಯಲ್ಲಿ ಮೂಳೆಯ ತಲೆ ತನ್ನನ್ನು ಸುತ್ತಿ ಹಿಡಿದ ಪಟ್ಟಿಯಿಂದ ತುಸು ಜಾರುತ್ತದೆ. ಅಂಗೈ ಮೇಲೆ ಮಾಡಿ ಮೊಣಕೈ ಮಡಚಿದರೆ ಮುಗಿಯಿತು, ಹತ್ತು ನಿಮಿಷಕ್ಕೆ ಮಗು ಅದೇ ಕೈಯಲ್ಲಿ ಬಿಸ್ಕತ್ತು ಹಿಡಿಯುತ್ತದೆ. ಎಳೆಯುವವರ ಹೆಸರು ಬೆಳೆದದ್ದು ಇಂಥ ಮೊಣಕೈಗಳಿಂದ. ಮಗು ಬಿದ್ದು ಮೊಣಕೈ ಊದಿದ್ದರೆ ಮಾತ್ರ ಸಂಗತಿಯೇ ಬೇರೆ. ಆ ಕೈಯನ್ನು ಎಕ್ಸ್‌ರೇ ಇಲ್ಲದೆ ನಾವೂ ತಿರುಗಿಸುವುದಿಲ್ಲ.