ಕಾಯಿಲೆ ಇಲ್ಲದ ಮಿದುಳಿಗೇ ಬೇಡಿಕೆ ಜಾಸ್ತಿ

ನಮ್ಮ ಲ್ಯಾಬಿನಲ್ಲಿ ಒಂದು ಪ್ರೆಶರ್ ಕುಕ್ಕರ್ ಇದೆ. ಮನೆಯಲ್ಲಿ ಬೇಳೆ ಬೇಯಿಸಲು ಇಡುವಂಥದ್ದೇ. ಮೇಲೆ ಮಾರ್ಕರಿನಲ್ಲಿ ‘ಅಡುಗೆಗೆ ಅಲ್ಲ’ ಎಂದು ಬರೆದಿದೆ. ಹೊಸದಾಗಿ ಸೇರಿದವರೆಲ್ಲ ಅದನ್ನು ನೋಡಿ ನಗುತ್ತಾರೆ. ಒಳಗೆ ಕುದಿಯುವುದು ಮನುಷ್ಯರ ಮಿದುಳಿನ ತೆಳು ಪದರಗಳು ಎಂದು ಗೊತ್ತಾದ ಮೇಲೆ ಸುಮ್ಮನಾಗುತ್ತಾರೆ.

ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ರಿಸರ್ಚ್ ಅಸಿಸ್ಟೆಂಟ್. ಆಲ್ಜೈಮರ್, ಪಾರ್ಕಿನ್ಸನ್ ಥರದ, ನರಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತಾ ಹೋಗುವ ಕಾಯಿಲೆಗಳು ನಮ್ಮ ವಿಷಯ. ನೆಂಟರಿಗೆ ಹೇಳಿದರೆ ಎರಡೇ ಪ್ರಶ್ನೆ. ‘ಹಾಗಾದ್ರೆ ನೀನು ಡಾಕ್ಟ್ರಾ?’ ಅಲ್ಲ. ‘ಬಾದಾಮಿ ತಿಂದ್ರೆ ಮರೆವು ಹೋಗುತ್ತಾ?’ ಹೋಗಲ್ಲ.

ಕುಕ್ಕರ್ ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ಮಿದುಳು ಬೆಣ್ಣೆಯಷ್ಟು ಮೆತ್ತಗೆ. ಹಾಗೇ ಕೊಯ್ಯಲು ಹೋದರೆ ಆಕಾರವೇ ಉಳಿಯಲ್ಲ. ಅದಕ್ಕೆ ವಾರಗಟ್ಟಲೆ ಫಾರ್ಮಲಿನ್‌ನಲ್ಲಿ ಮುಳುಗಿಸಿಡುತ್ತಾರೆ. ಗಟ್ಟಿಯಾದ ಮೇಲೆ ಬೇಕಾದ ಭಾಗವನ್ನು ತುಂಡು ಮಾಡಿ, ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು, ಮೇಣದಲ್ಲಿ ಅಚ್ಚು ಹಾಕುತ್ತಾರೆ. ಇದೇ ‘ಬ್ಲಾಕ್’. ಅದನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಒಂದು ಸುತ್ತಿಗೆ ಒಂದು ಪದರ ಬರುತ್ತದೆ. ದಪ್ಪ 5 ಮೈಕ್ರಾನ್. ಅಂಥವನ್ನು 200 ಪೇರಿಸಿದರೆ ಒಂದು ಮಿಲಿಮೀಟರ್. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಆಗಿ ಇಳಿಯುತ್ತವೆ. ಕುಂಚದ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡುತ್ತದೆ. ಆಗ ಅಡಿಯಿಂದ ಗಾಜಿನ ಸ್ಲೈಡ್ ತೂರಿಸಿ ಎತ್ತಿಕೊಳ್ಳಬೇಕು. ಪಕ್ಕದಲ್ಲಿ ಯಾರಾದರೂ ಸೀನಿದರೆ ರಿಬ್ಬನ್ ಹಾರಿತು ಅಂತಲೇ. ಏಪ್ರಿಲ್‌ನಲ್ಲಿ ಮೇಣ ಮೆತ್ತಗಾಗಿ ಪದರ ಮುದುಡುತ್ತದೆ, ಹಾಗಾಗಿ ಬ್ಲಾಕನ್ನು ಐಸ್ ಮೇಲಿಟ್ಟು ಕೊಯ್ಯುತ್ತೇವೆ.

ಈಗ ತೊಂದರೆ ಏನಪ್ಪಾ ಅಂದರೆ, ಮಿದುಳನ್ನು ಗಟ್ಟಿ ಮಾಡಿದ ಅದೇ ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಟ್ಟಿರುತ್ತದೆ. ಒಂದು ಪ್ರೋಟೀನನ್ನು ಗುರುತಿಸಿ ಅದಕ್ಕೇ ಅಂಟುವ ಅಣುವಿಗೆ ಆಂಟಿಬಾಡಿ ಅನ್ನುತ್ತಾರೆ; ನಾವು ಹುಡುಕುವ ಪ್ರೋಟೀನಿಗೆ ಹೋಗಿ ಅಂಟಲು ಅದಕ್ಕೆ ಜಾಗವೇ ಸಿಗಲ್ಲ. ಸ್ಲೈಡುಗಳನ್ನು ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದರೆ ಆಂಟಿಬಾಡಿ ಮತ್ತೆ ಅಂಟುತ್ತದೆ ಎಂದು 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಜೊತೆಗಾರರು ತೋರಿಸಿದರು. ಕುಕ್ಕರ್ ಬಂದದ್ದು ಆಮೇಲೆ. ಸಿಟ್ರೇಟ್ ದ್ರಾವಣ ಕುದಿ ಬಂದಾಗ ಸ್ಲೈಡು ಇಳಿಸಬೇಕು, ಪ್ರೆಶರ್ ಏರಿದ ಮೇಲೆ ಎರಡು ಮೂರು ನಿಮಿಷ ಬಿಡಬೇಕು. ಜಾಸ್ತಿಯಾದರೆ ಪದರ ಗಾಜು ಬಿಟ್ಟು ಕಿತ್ತು ಬರುತ್ತದೆ. ಅಮಿಲಾಯ್ಡ್ ಎಂಬ ಪ್ರೋಟೀನಿಗಾದರೆ ಫಾರ್ಮಿಕ್ ಆಸಿಡ್ ಒಳ್ಳೆಯದು. ಕೆಂಪಿರುವೆಯಲ್ಲಿ ಇರುವ ಆಮ್ಲವೇ ಅದು.

ಆಮೇಲೆ ಆಂಟಿಬಾಡಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುವುದು. ಮರುದಿನ ಬಣ್ಣ ಬರಿಸುವ ರಾಸಾಯನಿಕ ಹಾಕಿದರೆ, ಪ್ರೋಟೀನ್ ಇರುವ ಕಡೆ ಕೆಲವೇ ನಿಮಿಷಗಳಲ್ಲಿ ಕಂದು ಬಣ್ಣ ಏಳುತ್ತದೆ. ಆಲ್ಜೈಮರ್ ಮಿದುಳಾದರೆ ಎರಡು ಕಾಣಬೇಕು: ಕೋಶಗಳ ಹೊರಗೆ ಅಮಿಲಾಯ್ಡ್ ಕಲೆಗಳು, ಕೋಶಗಳ ಒಳಗೆ ಟೌ ಪ್ರೋಟೀನಿನ ಗಂಟುಗಳು. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ನೋಡಿದ್ದೂ ಇವನ್ನೇ. ಆಗುಸ್ಟ ಡೀಟರ್ ಎಂಬ ಹೆಂಗಸು 51ನೇ ವಯಸ್ಸಿಗೇ ಆಸ್ಪತ್ರೆ ಸೇರಿದ್ದರು. ತೀರಿಕೊಂಡ ಮೇಲೆ ಅವರ ಮಿದುಳಿಗೆ ಆಲ್ಜೈಮರ್ ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟು ನೋಡಿದರು. ಆ ಬೆಳ್ಳಿ ವಿಧಾನ ಈಗಲೂ ಬಳಕೆಯಲ್ಲಿದೆ.

ಕಂದು ಬಣ್ಣ ಕಂಡಿತು ಅಂದ ಮಾತ್ರಕ್ಕೆ ಕಾಯಿಲೆ ಕಂಡಿತು ಅಂತಲ್ಲ. ರಕ್ತಕಣಗಳಲ್ಲಿರುವ ಕಿಣ್ವಕ್ಕೂ ಆ ಬಣ್ಣ ಬರುತ್ತದೆ. ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟಿದರೂ ಬರುತ್ತದೆ. ಅದಕ್ಕೇ ಪ್ರತಿ ಸಲವೂ ಆಂಟಿಬಾಡಿ ಹಾಕದ ಒಂದು ಸ್ಲೈಡನ್ನೂ ಜೊತೆಗೇ ಓಡಿಸುತ್ತೇವೆ. ಕಲೆ, ಗಂಟುಗಳನ್ನು ಎಣಿಸುವವರಿಗೆ ಯಾವುದು ರೋಗಿಯದು ಎಂದು ಹೇಳುವುದಿಲ್ಲ, ಸ್ಲೈಡಿನ ಮೇಲೆ ಬರೀ ಕೋಡ್ ಇರುತ್ತದೆ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅಲ್ವಾ?

ಇವೆಲ್ಲ ನಮ್ಮ ಕೈಯಲ್ಲಿರುವ ಸಂಗತಿ. ಕೈಯಲ್ಲಿ ಇಲ್ಲದ್ದು ಹೋಲಿಸಲು ಬೇಕಾದ ಇನ್ನೊಂದು ಮಿದುಳು, ಕಾಯಿಲೆ ಇಲ್ಲದ್ದು.

ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ, ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಮಿದುಳು ಬ್ಯಾಂಕ್ ಶುರುವಾಯಿತು. ರೋಗಿಗಳ ಮನೆಯವರು ಕಾಯಿಲೆಯ ಕಷ್ಟ ಉಂಡವರು, ಕೇಳಿದರೆ ಕೆಲವರಾದರೂ ದಾನಕ್ಕೆ ಒಪ್ಪುತ್ತಾರೆ. ಗಟ್ಟಿಮುಟ್ಟಾಗಿದ್ದು 80ರಲ್ಲಿ ನಿದ್ದೆಯಲ್ಲೇ ಹೋದ ಅಜ್ಜಿಯ ಮಿದುಳು ಯಾರಿಗಾದರೂ ಬೇಕಾದೀತು ಎಂದು ಯಾರಿಗೆ ಹೊಳೆಯುತ್ತದೆ? ಅಪಘಾತದಲ್ಲಿ ತೀರಿಕೊಂಡವರ ಮಿದುಳುಗಳು ಮನೆಯವರ ಒಪ್ಪಿಗೆಯ ಮೇಲೆ ಬರುತ್ತವೆ. ಅವರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಹುಡುಗರೂ ಇರುತ್ತಾರೆ.

ಆ ವಯಸ್ಸಿನ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಮಿದುಳ ಕಾಂಡದ ಮೇಲ್ಭಾಗವನ್ನು ಅಡ್ಡ ಕೊಯ್ದರೆ ಎರಡೂ ಕಡೆ ಒಂದೊಂದು ಕಪ್ಪು ಪಟ್ಟಿ. ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಅಲ್ಲಿವೆ, ಅವುಗಳೊಳಗಿನ ಬಣ್ಣದಿಂದ ಆ ಕಪ್ಪು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳು ಸತ್ತು ಪಟ್ಟಿ ಮಾಸಿಹೋಗುತ್ತದೆ. ಆದರೆ ಹುಟ್ಟಿದ ಮಗುವಿನಲ್ಲಿ ಈ ಕಪ್ಪು ಇರುವುದೇ ಇಲ್ಲ. ಚಿಕ್ಕಂದಿನಲ್ಲಿ ಶುರುವಾಗಿ ವಯಸ್ಸಾದಂತೆ ಗಾಢವಾಗುತ್ತದೆ. ಹಾಗಾಗಿ 25ರ ಹುಡುಗನ ಪಟ್ಟಿಯನ್ನು 75ರ ರೋಗಿಯ ಪಟ್ಟಿಯ ಪಕ್ಕ ಇಟ್ಟು ‘ಎಷ್ಟು ಮಾಸಿದೆ’ ಎಂದು ಲೆಕ್ಕ ಹಾಕಲು ಹೋದರೆ ಲೆಕ್ಕವೇ ತಪ್ಪು. 75ರ ರೋಗಿಗೆ 75ರ ಆರೋಗ್ಯವಂತರೇ ಜೋಡಿ.

ಆರೋಗ್ಯವಂತರು ಅಂದಾಕ್ಷಣ ಮಿದುಳು ಸ್ವಚ್ಛವಾಗಿರುತ್ತದೆ ಅಂತಲೂ ಇಲ್ಲ. ಕೊನೆಯವರೆಗೆ ಚುರುಕಾಗಿದ್ದ ಎಷ್ಟೋ ವೃದ್ಧರಲ್ಲಿ ಅಮಿಲಾಯ್ಡ್ ಕಲೆಗಳು ಧಾರಾಳವಾಗಿ ಕಾಣುತ್ತವೆ. ಮರೆವಿನ ಜೊತೆ ಹೆಚ್ಚು ಹೊಂದುವುದು ಟೌ ಗಂಟುಗಳು. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧಿ ಅಮಿಲಾಯ್ಡನ್ನು ಚೆನ್ನಾಗಿಯೇ ಗುಡಿಸುತ್ತದೆ. ಕಾಯಿಲೆ ಮುಂದುವರಿಯುವ ವೇಗ ಸ್ವಲ್ಪ ತಗ್ಗುತ್ತದೆ, ಹೋದ ನೆನಪು ಮಾತ್ರ ವಾಪಸ್ ಬರಲ್ಲ. ಕಲೆ ಇದ್ದೂ ಚೆನ್ನಾಗಿದ್ದವರನ್ನು ಕಾಪಾಡಿದ್ದೇನು ಎನ್ನುವುದು ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅತ್ಯಂತ ರುಚಿಯಾದ ಪ್ರಶ್ನೆ.

ಅದಕ್ಕೆ ಸತ್ತ ಮೇಲಿನ ಮಿದುಳು ಒಂದೇ ಸಾಲದು. ಲಕ್ಷಣ ಕಾಣುವ ಹತ್ತಿಪ್ಪತ್ತು ವರ್ಷ ಮೊದಲೇ ಒಳಗೆ ಕಾಯಿಲೆ ಶುರುವಾಗಿರುತ್ತದೆ. ಅದಕ್ಕೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಮಾವಿಗೆ ಹೆಸರಾದ ಕೋಲಾರದ ಶ್ರೀನಿವಾಸಪುರಕ್ಕೆ ಹೋದರು. ಅಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ; ಗುರಿ 10,000 ಮಂದಿ. ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಉಂಟು. ಈ ಪರೀಕ್ಷೆಯದೇ ಒಂದು ತಲೆನೋವು. ಜಗತ್ತಿನಲ್ಲೆಲ್ಲ ಬಳಸುವ 1975ರ ಒಂದು ಪರೀಕ್ಷೆಯಲ್ಲಿ ‘ಒಂದು ವಾಕ್ಯ ಬರೆಯಿರಿ’ ಎಂದು ಕೇಳುತ್ತಾರೆ. ಊರಿನ ಚೀಟಿ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ಹೆಬ್ಬೆಟ್ಟು ಒತ್ತುವ ಅಮ್ಮನಿಗೆ ಅಲ್ಲಿ ಅಂಕ ಕಡಿಮೆ ಬಂದರೆ ಅದು ಕಾಯಿಲೆ ಅಲ್ಲ, ಪರೀಕ್ಷೆಯ ದೋಷ.

ಮಿದುಳು ದಾನದ ಮಾತು ಬಂದರೆ ಜನ ಮೊದಲು ಕೇಳುವುದು ಮುಖದ ಬಗ್ಗೆ. ಮುಖಕ್ಕೆ ಏನೂ ಆಗಲ್ಲ. ಕಿವಿಯ ಹಿಂದಿನಿಂದ ಕಿವಿಯ ಹಿಂದಕ್ಕೆ, ಕೂದಲಿನ ಮರೆಯಲ್ಲಿ ಕೊಯ್ದು, ಮಿದುಳು ತೆಗೆದು ಹೊಲಿಯುತ್ತಾರೆ. ದೇಹ ಮನೆಯವರಿಗೆ ವಾಪಸ್, ಸಂಸ್ಕಾರಕ್ಕೆ ಅಡ್ಡಿಯಿಲ್ಲ. ಸಾವಾದ ಕೆಲವೇ ಗಂಟೆಗಳಲ್ಲಿ ಆಗಬೇಕು, ತಡವಾದಷ್ಟೂ ಅಂಗಾಂಶ ಕೆಡುತ್ತದೆ. ಹಾಗಾಗಿ ಬದುಕಿದ್ದಾಗ ಸಹಿ ಹಾಕಿದರಷ್ಟೇ ಸಾಲದು, ಮಕ್ಕಳಿಗೆ ತಿಳಿದಿರಬೇಕು. ಇನ್ನೊಂದು ಕೆಲಸವೂ ಮಕ್ಕಳದೇ. ಕೊನೆಯ ವರ್ಷಗಳಲ್ಲಿ ಅಪ್ಪ ಹೆಸರು ಮರೆಯುತ್ತಿದ್ದರಾ, ಬ್ಯಾಂಕಿನ ವ್ಯವಹಾರ ತಾವೇ ನೋಡಿಕೊಳ್ಳುತ್ತಿದ್ದರಾ, ಯಾವ ಮಾತ್ರೆ ತಗೊಳ್ತಿದ್ದರು ಎಂದು ಅವರೇ ಹೇಳಬೇಕು. ಅದು ಗೊತ್ತಿಲ್ಲದೆ ಆ ಮಿದುಳನ್ನು ರೋಗಿಗಳ ಸಾಲಿಗೆ ಹಾಕುವುದೋ, ಆರೋಗ್ಯವಂತರ ಸಾಲಿಗೆ ಹಾಕುವುದೋ ನಮಗೆ ತಿಳಿಯುವುದಿಲ್ಲ.