ಕೆಂಪು ಗೆರೆ ಮೇಲೆ ಹೋಗುವುದಿಲ್ಲ

ಮೂರನೇ ಇಯತ್ತೆಯ ಮಕ್ಕಳು ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಟ್ಟರು ಅಂತ ಇಟ್ಟುಕೊಳ್ಳಿ. ಸಸಿ ಅವರಷ್ಟೇ ಎತ್ತರ. ಒಬ್ಬ ಹುಡುಗಿ ತನ್ನ ಸೊಂಟದ ಮಟ್ಟಕ್ಕೆ ಕಾಂಡದ ಮೇಲೆ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದಳು. ಹತ್ತು ವರ್ಷ ಕಳೆದು ಮರ ಶಾಲೆಯ ಮಾಳಿಗೆ ದಾಟಿದಾಗ ಆ ಗೆರೆ ಎಲ್ಲಿರುತ್ತದೆ?

ಧಾರವಾಡ, ಗದಗ ಕಡೆಯ ಮಕ್ಕಳಿಗೆ ಈ ಪ್ರಶ್ನೆ ಕೇಳಿದರೆ ಸಾಕು, ಕೈಗಳೆಲ್ಲ ಮೇಲೇಳುತ್ತವೆ. ‘ಗಿಡದ ಕೂಡ ಮ್ಯಾಲೆ ಹೋಗತೈತ್ರೀ ಅಕ್ಕೋರೆ!’ ದೊಡ್ಡವರ ಉತ್ತರವೂ ಹೆಚ್ಚುಕಡಿಮೆ ಇದೇ. ಹೊಲದಲ್ಲೇ ಹುಟ್ಟಿ ಬೆಳೆದವರೂ ಹೀಗೇ ಹೇಳುವುದುಂಟು.

ಗೆರೆ ಎಲ್ಲಿಗೂ ಹೋಗುವುದಿಲ್ಲ. ಆ ಹುಡುಗಿಯ ಮಗಳು ಮೂರನೇ ಇಯತ್ತೆಗೆ ಬಂದು ನಿಂತರೂ ಅದು ಅವಳ ಸೊಂಟದ ಮಟ್ಟಕ್ಕೇ ಇರುತ್ತದೆ. ತೊಗಟೆ ಅಗಲವಾದ ಹಾಗೆ ಗೆರೆ ಅಡ್ಡಡ್ಡ ಹಿಗ್ಗಿ, ಬಿರುಕು ಬಿಟ್ಟು, ಮಾಸಿಹೋಗಬಹುದು. ಒಂದು ಬೆರಳಿನಷ್ಟೂ ಮೇಲೇರುವುದಿಲ್ಲ.

ಯಾಕೆಂದರೆ ಮರ ಮೈಯೆಲ್ಲ ಹಿಗ್ಗಿ ಎತ್ತರವಾಗುವುದಿಲ್ಲ. ಎತ್ತರಕ್ಕೆ ಬೆಳೆಯುವುದು ಕುಡಿ ಮಾತ್ರ. ಪ್ರತಿ ಟೊಂಗೆಯ ತುದಿಯಲ್ಲೂ ಸೂಜಿಮೊನೆಯಷ್ಟು ಜಾಗದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಿರುತ್ತವೆ. ಅವು ಉದ್ದವಾಗುತ್ತವೆ, ಆಮೇಲೆ ಗಟ್ಟಿಯಾಗುತ್ತವೆ. ಗಟ್ಟಿಯಾದ ಭಾಗ ಮತ್ತೆ ಉದ್ದವಾಗುವ ಮಾತೇ ಇಲ್ಲ. ಮನೆಯ ಮೇಲೆ ಮಹಡಿ ಕಟ್ಟಿದರೆ ಕೆಳಗಿನ ಬಾಗಿಲು ಮೇಲೇರುತ್ತದೆಯೇ? ಬಾಗಿಲು ಇದ್ದಲ್ಲೇ ಇರುತ್ತದೆ, ಮೇಲೆ ಹೊಸ ಕೋಣೆ ಬರುತ್ತದೆ. ಮರದ ಲೆಕ್ಕವೂ ಅಷ್ಟೇ. ಬೇರೂ ಹೀಗೇ, ತುದಿಯಲ್ಲಷ್ಟೇ ಉದ್ದವಾಗುತ್ತದೆ. ಆಡು ಬಂದು ಕುಡಿ ತಿಂದುಬಿಟ್ಟರೆ ಸಸಿ ಪೊದೆಯಾಗುವುದೂ ಇದಕ್ಕೇ. ಮೇಲಿನ ಕುಡಿ ಹೋದಾಗ ಅಕ್ಕಪಕ್ಕದಲ್ಲಿ ಸುಮ್ನೆ ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೆ ಏಳುತ್ತವೆ.

ಇದನ್ನು ಸುಮಾರು ಮುನ್ನೂರು ವರ್ಷದ ಹಿಂದೆಯೇ ಒಬ್ಬ ಪಾದ್ರಿ ಅಳೆದು ನೋಡಿದ್ದ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್. ಒಂದು ಕಡ್ಡಿಗೆ ಕಾಲು ಇಂಚಿಗೊಂದರಂತೆ ಸೂಜಿಗಳನ್ನು ಸಿಕ್ಕಿಸಿ, ಕೆಂಪು ಬಣ್ಣದಲ್ಲಿ ಅದ್ದಿ, ದ್ರಾಕ್ಷಿ ಬಳ್ಳಿಯ ಎಳೆ ಕುಡಿಗೆ ಚುಚ್ಚಿದ. ದಿನ ಕಳೆದಂತೆ ಎಳೆಯ ಭಾಗದ ಚುಕ್ಕೆಗಳು ದೂರ ದೂರ ಸರಿದವು. ಬಲಿತ ಭಾಗದ ಚುಕ್ಕೆಗಳು ಇದ್ದಲ್ಲೇ ಉಳಿದವು. 1727ರಲ್ಲಿ ಇದನ್ನು ಅಚ್ಚು ಹಾಕಿಸಿದ. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದೊತ್ತಡ ಅಳೆದವನೂ ಇವನೇ. ಒಂದು ಸೂಜಿ, ಒಂದಿಷ್ಟು ಬಣ್ಣ, ಒಂದು ಬಳ್ಳಿ. ಇಷ್ಟೇ ಸಾಮಾನಿನ ಪ್ರಯೋಗ ನಮ್ಮ ಯಾವ ಶಾಲೆಯಲ್ಲಾದರೂ ಮಾಡಬಹುದು ಅಲ್ವಾ? ಅಂಗಳದಲ್ಲಿ ಹೀರೆ ಬಳ್ಳಿ ಇದ್ದರೂ ಸಾಕು.

ಹಾಗಾದರೆ ಕಾಂಡ ದಪ್ಪವಾಗುವುದು ಹೇಗೆ? ನನಗೆ ಮಕ್ಕಳಿಗೆ ಹೇಳಲು ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ವಿಷಯ ಇದು. ಮಳೆಗಾಲದಲ್ಲಿ ಒಂದು ಹಸಿ ಟೊಂಗೆ ಮುರಿದು ಸಿಪ್ಪೆ ಸುಲಿಯಿರಿ. ಸಲೀಸಾಗಿ ಬಿಡುತ್ತದೆ, ಒಳಗೆ ಬೆರಳು ಜಾರುತ್ತದೆ. ಆ ಜಾರುವ ಜಾಗದಲ್ಲೇ ಕ್ಯಾಂಬಿಯಂ ಎಂಬ ಪದರ ಇದೆ. ಕೆಲವೇ ಜೀವಕೋಶಗಳಷ್ಟು ತೆಳು, ಬರಿಗಣ್ಣಿಗೆ ಕಾಣುವುದಿಲ್ಲ. ಅದು ಒಳಗಡೆಗೆ ಕಟ್ಟಿಗೆಯನ್ನು ಮಾಡುತ್ತದೆ, ಹೊರಗಡೆಗೆ ತೊಗಟೆಯನ್ನು ಮಾಡುತ್ತದೆ. ಒಳಗಿನ ಹೊಸ ಕಟ್ಟಿಗೆಯಲ್ಲಿ ಬೇರಿನ ನೀರು ಮೇಲಕ್ಕೆ ಹೋಗುತ್ತದೆ. ತೊಗಟೆಯ ಒಳಮೈಯಲ್ಲಿ ಎಲೆಗಳು ಮಾಡಿದ ಸಕ್ಕರೆ ಕೆಳಕ್ಕೆ ಇಳಿದು ಬೇರಿಗೆ ಸೇರುತ್ತದೆ. ಎರಡು ದಾರಿ, ನಡುವೆ ಈ ಪದರ.

ಈಗ ಹುಬ್ಬಳ್ಳಿಯ ಯಾವುದಾದರೂ ರಸ್ತೆಯ ಬದಿಯ ಮರ ನೋಡಿ. ಬೋರ್ಡು ತೂಗುಹಾಕಲೋ, ಕೇಬಲ್ ಎಳೆಯಲೋ ಯಾರೋ ತಂತಿ ಬಿಗಿದಿರುತ್ತಾರೆ. ತಂತಿಯ ಮೇಲ್ಬದಿಗೆ ಕಾಂಡ ಉಬ್ಬಿಕೊಂಡಿರುತ್ತದೆ, ಕೆಳಬದಿ ಸಣ್ಣಗಿರುತ್ತದೆ. ಕೆಳಗೆ ಇಳಿಯಬೇಕಾದ ಸಕ್ಕರೆ ಅಲ್ಲೇ ತಡೆದು ನಿಂತಿದೆ. ಹದಿನೇಳನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಮಾಲ್ಪಿಗಿ ಮರದ ತೊಗಟೆಯನ್ನು ಉಂಗುರದಂತೆ ಸುಲಿದು ಇದೇ ಉಬ್ಬನ್ನು ಕಂಡಿದ್ದ. ಇದರಲ್ಲಿ ಮೋಸ ಏನೆಂದರೆ, ಎಲೆಗಳು ಬಹಳ ದಿನ ಹಸಿರಾಗೇ ಇರುತ್ತವೆ. ಒಳಗಿನ ಕಟ್ಟಿಗೆಯಲ್ಲಿ ನೀರು ಏರುತ್ತಲೇ ಇದೆಯಲ್ಲ. ನಾವು ಮರ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಬೇರು ಉಪವಾಸ ಬಿದ್ದಿರುತ್ತದೆ. ಬೇರು ಸತ್ತ ಮೇಲೆ ಎಲೆ ಬಾಡುತ್ತದೆ, ಆಗ ನಾವು ನೀರು ಹಾಕಲು ಓಡುತ್ತೇವೆ.

ಒಂದು ಶಾಲೆಯಲ್ಲಿ ಇದನ್ನೇ ಕಂಡೆ. ಹೊಂಗೆ ಸಸಿಯನ್ನು ಪ್ಲಾಸ್ಟಿಕ್ ಹಗ್ಗದಿಂದ ಕೋಲಿಗೆ ಬಿಗಿದಿದ್ದರು. ಎರಡು ಮಳೆಗಾಲ ಯಾರೂ ಹಗ್ಗ ಬಿಚ್ಚಲಿಲ್ಲ. ಹಗ್ಗ ತೊಗಟೆಯೊಳಗೆ ಹೂತುಹೋಗಿತ್ತು. ಸಸಿ ಒಣಗಿದಾಗ ‘ಯಾರದೋ ದೃಷ್ಟಿ ತಾಗಿತು’ ಎಂದರು. ಮುಂದಿನ ಸಸಿಗೆ ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿದರು, ಅದೇ ಪ್ಲಾಸ್ಟಿಕ್ ಹಗ್ಗದಿಂದ. ಮಕ್ಕಳು ನೋಡುತ್ತಾ ನಿಂತಿದ್ದರು. ಅವರು ಅಲ್ಲಿ ಕಲಿತದ್ದು ಏನು ಎಂಬ ಚಿಂತೆ ನನಗೆ ಇನ್ನೂ ಹೋಗಿಲ್ಲ.

ಹುಣಸೆ ಮರದ ದೆವ್ವಕ್ಕೂ ಈ ಕ್ಯಾಂಬಿಯಂ ಪದರದಲ್ಲೇ ಉತ್ತರ ಇದೆ. ಊರ ಹೊರಗಿನ ಹಳೇ ಹುಣಸೆಯ ಹೊಟ್ಟೆ ಟೊಳ್ಳಾಗಿರುತ್ತದೆ, ಒಳಗೆ ಗೂಬೆ ಇರುತ್ತದೆ, ಆದರೂ ಮೇಲೆ ಚಿಗುರು. ಒಳಗೆ ಏನೂ ಇಲ್ಲದೆ ಬದುಕಿದೆ ಎಂದರೆ ಏನೋ ಶಕ್ತಿ ಇದೆ ಅಂತ ಜನ ಹೆದರುತ್ತಾರೆ. ಮರದ ನಡುವಿನ ಕಟ್ಟಿಗೆ ಮೊದಲೇ ಸತ್ತದ್ದು. ಅದು ಮರವನ್ನು ನಿಲ್ಲಿಸಲು ನೆರವಾಗುತ್ತದೆ, ಅಷ್ಟೇ. ಗೆದ್ದಲು, ಅಣಬೆ ಅದನ್ನು ತಿಂದರೂ ಹೊರಗಿನ ಉಂಗುರ ಉಳಿದಿದ್ದರೆ ಮರ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ.

ಹಾವೇರಿ ಜಿಲ್ಲೆಯ ಸವಣೂರಿಗೆ ಮಕ್ಕಳನ್ನು ಕರೆದೊಯ್ದರೆ ಇನ್ನೊಂದು ಅಚ್ಚರಿ ಇದೆ. ಅಲ್ಲಿನ ದೊಡ್ಡಹುಣಸೆ ಮಠದ ಭಾರಿ ಮರಗಳು ಹುಣಸೆ ಅಲ್ಲ, ಆಫ್ರಿಕಾದ ಬಾವೊಬಾಬ್. ಎಂದೋ ಯಾರೋ ಕಡಲಾಚೆಯಿಂದ ತಂದು ನೆಟ್ಟದ್ದು. 2023ರ ಜುಲೈ ಮಳೆಯಲ್ಲಿ ಒಂದು ಬುಡಮೇಲಾಗಿ ಬಿದ್ದಾಗ ಅದನ್ನು ಎತ್ತಿ ಮತ್ತೆ ನಿಲ್ಲಿಸಿದರು. ತೊಗಟೆ ಉಂಗುರದಂತೆ ಸುಲಿದರೆ ಮರ ಸಾಯುತ್ತದೆ ಎಂದೆನಲ್ಲ, ಬಾವೊಬಾಬ್ ಅದಕ್ಕೆ ಹೊರತು. ಆಫ್ರಿಕಾದಲ್ಲಿ ನಾರಿಗಾಗಿ ಜನ ಅದರ ತೊಗಟೆ ಸುಲಿಯುತ್ತಾರೆ, ಅದು ಮತ್ತೆ ಹೊಸ ತೊಗಟೆ ಬೆಳೆಸಿಕೊಳ್ಳುತ್ತದೆ. ಅದರ ಕಟ್ಟಿಗೆ ಮೆತ್ತಗೆ, ನೀರು ತುಂಬಿಕೊಂಡದ್ದು, ಒಳಗೂ ಜೀವಂತ ಕೋಶಗಳು ಬಹಳ. ಬೇವಿಗೆ, ಮಾವಿಗೆ ಆ ಅನುಕೂಲ ಇಲ್ಲ.

ಇಷ್ಟು ತಿಳಿದ ಮೇಲೆ ನೆಡುವ ಕೆಲಸವೇ ಬೇರೆ ಥರ ಆಗುತ್ತದೆ. ವನಮಹೋತ್ಸವವನ್ನು 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ. ಎಂ. ಮುನ್ಶಿ ಶುರು ಮಾಡಿದರು. ಅಂದಿನಿಂದ ಶಾಲೆಗಳಲ್ಲಿ ಸಸಿ ನೆಡುತ್ತಲೇ ಇದ್ದೇವೆ. ಎಷ್ಟೋ ಕಡೆ ಫೋಟೋ ತೆಗೆದಲ್ಲಿಗೆ ಪಾಠ ಮುಗಿಯುತ್ತದೆ. ನನ್ನ ಮಟ್ಟಿಗೆ ಪಾಠ ಶುರುವಾಗುವುದೇ ಆಮೇಲೆ.

ತಗ್ಗು ತೋಡುವಾಗ ಮಕ್ಕಳೇ ಮಣ್ಣು ಮುಟ್ಟಲಿ. ಗದಗ, ನವಲಗುಂದ ಕಡೆಯ ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಬಿರುಕು ಎಳೆ ಬೇರನ್ನು ಹರಿಯುತ್ತದೆ. ಬುಡಕ್ಕೆ ಒಣಗಿದ ಎಲೆ, ಹೊಟ್ಟು ಮುಚ್ಚಿದರೆ ಬಿರುಕು ಕಡಿಮೆ. ಪ್ಲಾಸ್ಟಿಕ್ ಚೀಲ ಪೂರ್ತಿ ಹರಿದು ತೆಗೆಯಬೇಕು. ಚೀಲದೊಳಗೆ ಸುರುಳಿ ಸುತ್ತಿದ ಬೇರು ಕಂಡರೆ ಬಿಡಿಸಿ ನೇರ ಮಾಡಬೇಕು. ಬೇರೂ ವರ್ಷ ವರ್ಷ ದಪ್ಪವಾಗುತ್ತದೆ, ಸುರುಳಿ ಹಾಗೇ ಬಿಟ್ಟರೆ ಒಂದು ದಿನ ಅದು ತನ್ನದೇ ಬುಡವನ್ನು ಬಿಗಿಯುತ್ತದೆ. ಕೋಲಿಗೆ ಕಟ್ಟಲು ಹಳೇ ಸೀರೆಯ ಪಟ್ಟಿ ಒಳ್ಳೆಯದು, ಸಡಿಲವಾಗಿ ಕಟ್ಟಿ. ಪ್ರತಿ ಜೂನ್‌ನಲ್ಲಿ ಬಿಚ್ಚಿ ನೋಡುವ ಕೆಲಸ ಮಕ್ಕಳದ್ದೇ ಆಗಲಿ.

ಬೇಸಿಗೆಯಲ್ಲಿ ಎಲೆ ಉದುರಿ ಸಸಿ ಸತ್ತಂತೆ ಕಂಡರೆ ಕೀಳಬೇಡಿ. ಸಣ್ಣ ಟೊಂಗೆಯ ಮೇಲೆ ಉಗುರಿನಿಂದ ಚೂರೇ ಚೂರು ಕೆರೆಯಲು ಹೇಳಿ. ಸಿಪ್ಪೆಯಡಿ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ನೋಡಬೇಕು. ಮಕ್ಕಳು ಉಸಿರು ಬಿಗಿಹಿಡಿದು ಕೆರೆಯುತ್ತಾರೆ, ಹಸಿರು ಕಂಡ ಕೂಡಲೇ ಕುಣಿಯುತ್ತಾರೆ.

ವರ್ಷಕ್ಕೊಮ್ಮೆ ನೆಲದಿಂದ ಗೆರೆಯ ಎತ್ತರ, ಗೆರೆಯ ಹತ್ತಿರ ಕಾಂಡದ ಸುತ್ತಳತೆ, ಎರಡನ್ನೂ ಟೇಪು ಹಿಡಿದು ಬರೆದಿಡಲಿ. ಮೊದಲನೆಯದು ಬದಲಾಗುವುದಿಲ್ಲ, ಎರಡನೆಯದು ಏರುತ್ತಾ ಹೋಗುತ್ತದೆ. ಶಾಲೆಯಲ್ಲಿ ಬೆಳೆದ ತೆಂಗಿನ ಮರ ಇದ್ದರೆ ಅದನ್ನೂ ಅಳೆಯಲಿ. ತೆಂಗಿಗೆ ಕ್ಯಾಂಬಿಯಂ ಇಲ್ಲ. ಎತ್ತರ ಏರುತ್ತದೆ, ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹತ್ತಲು ಕಡಿದ ಕಚ್ಚುಗಳೂ ಮುಚ್ಚಿಕೊಳ್ಳುವುದಿಲ್ಲ. ಬೇವಿನ ಮೇಲಾದ ಗಾಯದ ಅಂಚು ಮಾತ್ರ ವರ್ಷ ವರ್ಷ ಒಳಕ್ಕೆ ಸರಿಯುತ್ತದೆ. ಯಾಕೆ ಅಂತ ಮಕ್ಕಳೇ ಹೇಳುತ್ತಾರೆ, ಕೇಳಿ ನೋಡಿ.